ಸರಟೋಗಾಕ್ಕೆ ವಾಚು ಹಿಂತಿರುಗಿಸಲು ಹೋದ ಶುಕ್ರವಾರ

ಹಳೆಯ ವಾಚು ಕೊಳ್ಳುವಾಗ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಬೆಲೆಯದ್ದಲ್ಲ. "ಇದನ್ನು ಕಟ್ಟುತ್ತಿದ್ದವರು ಇದ್ದಾರಾ, ಹೋದರಾ?" ಎಂದು ಕೇಳುತ್ತಿದ್ದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬ ವ್ಯಾಪಾರಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ವಾಚಿನ ಆರೋಗ್ಯ ಕೇಳುವವರನ್ನು ಕಂಡಿದ್ದೇನೆ, ಯಜಮಾನನ ಆರೋಗ್ಯ ವಿಚಾರಿಸಿದವನು ನೀನೇ ಮೊದಲು ಎಂದು ಬಿದ್ದು ಬಿದ್ದು ನಕ್ಕ. ನಗಲಿ. ಸತ್ತವರ ವಾಚು ನನಗೆ ಬೇಡವಾಗಿತ್ತು. ಹಿಂಬದಿಯಲ್ಲಿ ಹೆಸರು ಕೆತ್ತಿದ್ದರೂ ಬೇಡ. ನಿಂತ ವಾಚನ್ನು ಹೊಸ್ತಿಲು ದಾಟಿಸಬಾರದು, ಅಂಗಡಿಯಲ್ಲೇ ಕೀಲಿ ಕೊಟ್ಟು ಓಡಿಸಿಕೊಂಡು ತರಬೇಕು. ಶನಿವಾರವಂತೂ ಕೊಳ್ಳಲೇಬಾರದು, ಶನಿವಾರ ಕಬ್ಬಿಣ ತಂದರೆ ಜೊತೆಗೆ ಶನಿಯೂ ಮನೆಗೆ ಬರುತ್ತಾನೆ. ತಂದ ಮೇಲೆ ಒಂದು ದಿನ ದೇವರ ಮುಂದಿಟ್ಟು ಅರಿಸಿನ ಕುಂಕುಮ ಹಚ್ಚಿ, ಆಮೇಲೆ ಕೈಗೆ. ಇಷ್ಟೆಲ್ಲ ಮಾಡುತ್ತಿದ್ದವನು ಇಪ್ಪತ್ತೈದು ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಈ ಊರಿನಲ್ಲಿ ಚಿಪ್ ಡಿಸೈನ್ ಮಾಡಿದ ಎಂಜಿನಿಯರು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಮೈಸೂರಿನವಳು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಹೊಸ ಔಷಧಿಗಳ ಪರೀಕ್ಷೆ ಮಾಡುವುದು ಅವಳ ಕೆಲಸ. ದೇವರಿಗೆ ದೀಪ ಹಚ್ಚುತ್ತಿದ್ದಳು, ಆದರೆ ನನ್ನ ವಾಚಿನ ಪೂಜೆ ಕಂಡರೆ ಅವಳಿಗೆ ಎಲ್ಲಿಲ್ಲದ ನಗು. "ರೀ, ಕುಂಕುಮ ಇನ್ನೂ ಸ್ವಲ್ಪ ಮಿಕ್ಕಿದ್ರೆ ಕೊಡಿ, ನಮ್ಮ ಲ್ಯಾಬಿನ ಫ್ರಿಜ್ಜಿಗೂ ಹಚ್ಚಿ ಬರ್ತೀನಿ, ವಾರಕ್ಕೆರಡು ಸಲ ಕೈ ಕೊಡತ್ತೆ" ಎನ್ನುತ್ತಿದ್ದಳು. ನಮ್ಮ ಒಬ್ಬಳೇ ಮಗಳು, ಇಲ್ಲೇ ಹುಟ್ಟಿದವಳು, ಅಮ್ಮನ ಜೊತೆ ಸೇರಿ ನಗುತ್ತಿದ್ದಳು. ಆ ನಗುವಿಗೆ ನಾನು ಸಿಡುಕುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ.

ಇದೆಲ್ಲ ಶುರುವಾದದ್ದು ಧಾರವಾಡದಲ್ಲಿ, ಅಪ್ಪ ತೀರಿಕೊಂಡಾಗ. ನನಗಾಗ ಹತ್ತೊಂಬತ್ತು. ಅಪ್ಪನ ಬಳಿ ಇದ್ದದ್ದು ಒಂದೇ ವಾಚು, ಕೆನೆಬಣ್ಣದ ಮುಖ, ಆರರ ಅಂಕಿಯ ಮೇಲೆ ಸೆಕೆಂಡಿನ ಪುಟ್ಟ ಮುಳ್ಳು. ಬೆಳಿಗ್ಗೆ ಚಹಾ ಕುಡಿಯುತ್ತ ಅದಕ್ಕೆ ಕೀಲಿ ಕೊಡುತ್ತಿದ್ದರು. ಹನ್ನೆರಡನೆಯ ದಿನ ಕೊಡೆ, ಚಪ್ಪಲಿ, ಹಾಸಿಗೆ ದಾನ ಕೊಡುವಾಗ ನನ್ನ ಅಕ್ಕ ಆ ವಾಚನ್ನೂ ತಟ್ಟೆಯಲ್ಲಿಟ್ಟಳು. "ಹೋದವರ ವಾಚು ಮನ್ಯಾಗ ಇರಬಾರದು" ಎಂದಳು. ನಾನು ಬೇಡವೆನ್ನಲಿಲ್ಲ. ದಾನ ತೆಗೆದುಕೊಂಡವರು ಅಂಗಳದಲ್ಲೇ ಅದನ್ನು ಕೈಗೆ ಕಟ್ಟಿಕೊಂಡು, ಸ್ಕೂಟರು ಹತ್ತಿ ಹೋದರು. ಅಂದಿನಿಂದ ನನಗೆ ಹಳೆಯ ವಾಚಿನ ಹುಚ್ಚು, ಜೊತೆಗೇ ಹಳೆಯ ವಾಚಿನ ಭಯ. ಅಪ್ಪನದನ್ನು ಕೊಟ್ಟುಬಿಟ್ಟು ಊರವರ ಅಪ್ಪಂದಿರದನ್ನು ಹುಡುಕಿಕೊಂಡು ತಿರುಗುತ್ತಿದ್ದೆ.

ಎರಡು ವರ್ಷದ ಹಿಂದೆ, ಅಕ್ಟೋಬರಿನ ಒಂದು ದಿನ, ಸರಟೋಗಾದ ಗುಡ್ಡದ ಮೇಲಿನ ಒಂದು ಮನೆಯ ಸಾಮಾನುಗಳನ್ನೆಲ್ಲ ಮಾರಾಟಕ್ಕಿಟ್ಟಿದ್ದರು. ಕುರ್ಚಿ, ದೀಪ, ಪಿಂಗಾಣಿ, ಕೋಟು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ತಟ್ಟೆಯಲ್ಲಿ ಗುಂಡಿ, ಪೆನ್ನುಗಳ ನಡುವೆ ಒಂದು ಉಕ್ಕಿನ ವಾಚು. ಕೆನೆಬಣ್ಣದ ಮುಖ. ಆರರ ಮೇಲೆ ಪುಟ್ಟ ಮುಳ್ಳು. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಎರಡು ಅಕ್ಷರ ಕೆತ್ತಿತ್ತು. ಅವತ್ತು ಶನಿವಾರ. ಮನೆಯ ಯಜಮಾನ ಸತ್ತಿದ್ದಾನೆಂದು ಮಾರಾಟದ ರೀತಿ ನೋಡಿದರೇ ಗೊತ್ತಾಗುತ್ತಿತ್ತು. ಬಾಗಿಲಲ್ಲಿ ಕೂತಿದ್ದ ಮುದುಕಿಗೆ ನನ್ನ ಪ್ರಶ್ನೆ ಕೇಳಲೇ ಇಲ್ಲ. ಕೇಳಿದ್ದರೆ ವಾಚು ಬಿಟ್ಟು ಬರಬೇಕಾಗುತ್ತಿತ್ತು. ನನಗೆ ಅದು ಬೇಕಾಗಿತ್ತು, ಅಷ್ಟೇ. ಹೇಳಿದ ಹಣ ತೆತ್ತು, ಕೀಲಿ ಕೂಡ ಕೊಡದೆ ಜೇಬಿಗೆ ಹಾಕಿಕೊಂಡು ಬಂದೆ.

ಎರಡು ವಾರ ಕಳೆದಿರಲಿಲ್ಲ, ಹೆಂಡತಿಗೆ ಹೊಟ್ಟೆನೋವು. ದೀಪಾವಳಿಯ ಹೊತ್ತಿಗೆ ಕ್ಯಾನ್ಸರ್ ಎಂದರು.

ಆಸ್ಪತ್ರೆಯಿಂದ ಬಂದ ದಿನ ಕಾರಿನಲ್ಲೇ ಅವಳಿಗೆ ವಾಚಿನ ಸಂಗತಿ ಹೇಳಿ ಅತ್ತುಬಿಟ್ಟೆ. ಕಾಯಿಲೆ ಅವಳದು, ಸಮಾಧಾನ ನನಗೆ ಬೇಕು! ಅವಳು ನನ್ನ ಕೈ ಹಿಡಿದುಕೊಂಡು, "ರೀ, ಈ ಗಡ್ಡೆ ಕಡಿಮೆ ಅಂದ್ರೂ ಎರಡು ವರ್ಷದ್ದು. ನಿಮ್ಮ ವಾಚು ಬಂದು ತಿಂಗಳೂ ಆಗಿಲ್ಲ. ಪಾಪ, ಅದರ ಮೇಲೆ ಯಾಕೆ ಹಾಕ್ತೀರಿ?" ಎಂದಳು. ಲೆಕ್ಕ ಸರಿಯಾಗಿಯೇ ಇತ್ತು. ನನ್ನ ತಲೆಗೆ ಹೋಗಲಿಲ್ಲ. ವಾಚನ್ನು ಗರಾಜಿನಲ್ಲಿ ಸ್ಕ್ರೂಡ್ರೈವರುಗಳ ಡಬ್ಬಿಯ ಕೆಳಗೆ ಮುಚ್ಚಿಟ್ಟೆ.

ಆಪರೇಷನ್ ಆಯಿತು, ಕೀಮೋ ಆಯಿತು, ಕೂದಲು ಹೋಯಿತು. ಜೂನ್ ಮೊದಲ ವಾರ ಸ್ಕ್ಯಾನು. ರೋಗ ಹೋಗಿದೆಯೋ ಹರಡಿದೆಯೋ ಎಂದು ಅದು ಹೇಳಬೇಕಿತ್ತು. ಇಲ್ಲಿ ರಿಪೋರ್ಟು ಡಾಕ್ಟರಿಗಿಂತ ಮೊದಲು ನಮ್ಮ ಫೋನಿಗೇ ಬಂದು ಕೂರುತ್ತದೆ. ಹೆಂಡತಿ ಆ ವಾರ ನನ್ನ ಹತ್ತಿರ ಒಂದೇ ಒಂದು ಮಾತು ತೆಗೆದುಕೊಂಡಳು. "ನಾನು ಒಬ್ಬಳೇ ಓದಲ್ಲ ರೀ. ದಿನಾ ಇಂಥ ರಿಪೋರ್ಟು ಓದೋಳು ನಾನು, ಮೊದಲ ಸಾಲಿಗೇ ಎಲ್ಲ ಗೊತ್ತಾಗಿಬಿಡತ್ತೆ. ನೀವು ಪಕ್ಕದಲ್ಲಿ ಕೂತು ಓದಿ ಹೇಳಬೇಕು. ಏನೇ ಇರಲಿ, ನಿಮ್ಮ ಬಾಯಲ್ಲಿ ಕೇಳ್ತೀನಿ." ಆಗಲಿ ಎಂದೆ. ದೇವರಾಣೆಗೂ ಹಾಗೇ ಮಾಡುವ ಮನಸ್ಸಿತ್ತು.

ಗುರುವಾರ ಅಕ್ಕ ಧಾರವಾಡದಿಂದ ಫೋನ್ ಮಾಡಿದಳು. ಅಷ್ಟು ತಿಂಗಳು ಬಾಯಿ ಬಿಡದವನು ಅಂದು ಅವಳಿಗೆ ವಾಚಿನ ಕಥೆ ಹೇಳಿದೆ. ಹೌಹಾರಿದಳು. "ಅಯ್ಯ ನಮ್ಮಪ್ಪಾ! ಶನಿವಾರ ತಂದಿ? ಸತ್ತವರ ಮನಿಯಿಂದ? ಇನ್ನೂ ಮನ್ಯಾಗ ಇಟಗೊಂಡಿ? ನಿನಗ ತಲಿ ಅದನೋ ಇಲ್ಲೋ?" ಎಸೆದುಬಿಡುತ್ತೇನೆ ಎಂದೆ. "ಒಗೀಬ್ಯಾಡ. ಮಾರಬ್ಯಾಡ, ತಗೊಂಡವರಿಗೆ ಹತ್ತತದ. ಯಾರ ಮನಿಯಿಂದ ಬಂತೋ ಅವರ ಕೈಯಾಗ ಕೊಟ್ಟು ಬಾ. ನಾಳೆ ರಾಹುಕಾಲ ಬರೂದ್ರೊಳಗ ಕೊಡು."

ಮರುದಿನ ಬೆಳಿಗ್ಗೆ ಫ್ರೀಮಾಂಟಿನ ನಮ್ಮ ಮನೆಯಲ್ಲಿ ತಿಂಡಿ ತಿನ್ನುತ್ತಿದ್ದಾಗ ಹೆಂಡತಿಯ ಫೋನು ಸದ್ದು ಮಾಡಿತು. ರಿಪೋರ್ಟು ಬಂದಿತ್ತು. ಅವಳು ಫೋನನ್ನು ಬೋರಲು ಹಾಕಿ, ಪಕ್ಕದ ಕುರ್ಚಿ ಎಳೆದು, "ಬನ್ನಿ, ಕೂತ್ಕೊಳ್ಳಿ" ಎಂದಳು. ನಾನು ನಿಂತೇ ಇದ್ದೆ. ವಾಚು ಆಗಲೇ ಜೇಬಿನಲ್ಲಿತ್ತು. ತೆರೆಯದ ರಿಪೋರ್ಟು ಇನ್ನೂ ತೀರ್ಮಾನವಾಗದ ರಿಪೋರ್ಟು, ಮೊದಲು ವಾಚು ಮನೆ ಬಿಟ್ಟು ಹೋಗಲಿ, ಆಮೇಲೆ ತೆರೆದರೆ ಒಳ್ಳೆಯದೇ ಇರುತ್ತದೆ ಎಂದು ನನ್ನ ಹಾಳು ತಲೆ. "ಒಂದೂವರೆ ಗಂಟೆ ಕೊಡು, ಸರಟೋಗಾಕ್ಕೆ ಹೋಗಿ ಬಂದುಬಿಡ್ತೀನಿ" ಎಂದೆ. ಅವಳಿಗೆ ಅರ್ಥವಾಯಿತು. "ಈಗ್ಲೇನಾ?" ಎಂದಳು. "ನಿನಗೋಸ್ಕರ ತಾನೇ ಹೋಗ್ತಿರೋದು!" ಎಂದು ರೇಗಿದೆ. ಅವಳು ಫೋನನ್ನು ಹಣ್ಣಿನ ಬುಟ್ಟಿಯ ಹಿಂದೆ ಸರಿಸಿಟ್ಟಳು. ಮಗಳಿಗೆ ರಜೆ, ಇನ್ನೂ ಮಲಗಿದ್ದಳು.

ಸರಟೋಗಾದ ಮನೆಯಲ್ಲಿ ಯಾರೂ ಬಾಗಿಲು ತೆರೆಯಲಿಲ್ಲ. ಕಾರಿನಲ್ಲಿ ಕಾದೆ. ಕೈಯಲ್ಲಿ ಕೊಡಬೇಕಲ್ಲ, ಬಾಗಿಲಲ್ಲಿಟ್ಟು ಬರುವ ಹಾಗಿಲ್ಲ. ಹತ್ತೂವರೆಯ ಮೇಲೆ ಆ ಮುದುಕಿ ಎಲ್ಲಿಂದಲೋ ನಡೆದುಕೊಂಡು ಬಂದಳು. ನಾನು ಜೇಬಿನಿಂದ ವಾಚು ತೆಗೆದು, ನನ್ನ ಇಂಗ್ಲಿಷಿನಲ್ಲಿ ಎಲ್ಲ ತೊದಲಿದೆ. ಹಣ ಬೇಡ, ದಯವಿಟ್ಟು ತೆಗೆದುಕೊಳ್ಳಿ, ನನ್ನ ಹೆಂಡತಿಗೆ ಹುಷಾರಿಲ್ಲ. ಅವಳು ಒಳಗೆ ಕರೆದು ಕೂರಿಸಿದಳು. ಅದು ಈಗ ಬಹುತೇಕ ಖಾಲಿ ಮನೆ.

ಗಂಡ ಹೇಗೆ ಹೋದರು ಎಂದು ಆಗ ಕೇಳಿದೆ. ಎಂಬತ್ತೆಂಟು ತುಂಬಿತ್ತು, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ ಎಂದಳು. ಹಾಗಾದರೆ ಈ ಅಕ್ಷರಗಳು ಅವರ ಹೆಸರಿನವೇ ಎಂದು ಕೇಳಿದೆ. ಅವಳು ಅಲ್ಲವೆಂದು ತಲೆಯಾಡಿಸಿದಳು. ಅವರೂ ಆ ವಾಚನ್ನು ಹರೆಯದಲ್ಲಿ ಯಾವುದೋ ಅಂಗಡಿಯಲ್ಲಿ ಹಳೆಯದಾಗಿಯೇ ಕೊಂಡಿದ್ದರಂತೆ. ಅಕ್ಷರ ಯಾರದೋ, ಆತ ಎಲ್ಲಿ ಸತ್ತನೋ, ಯಾರಿಗೂ ಗೊತ್ತಿಲ್ಲ. ಹಿಂತಿರುಗಿಸಲು ಮನೆಯೇ ಇಲ್ಲವಲ್ಲ ಇದಕ್ಕೆ! ನನ್ನ ಮುಖ ನೋಡಿ ಆ ಮುದುಕಿಗೆ ಏನನ್ನಿಸಿತೋ, ಕೈ ಚಾಚಿ ವಾಚು ತೆಗೆದುಕೊಂಡು ಮೇಜಿನ ಮೇಲಿಟ್ಟಳು. "ಆಯಿತು, ಇನ್ನು ಇದು ನನ್ನದು. ನೀನು ಮನೆಗೆ ಹೋಗು, ಅವಳ ಹತ್ತಿರ ಇರು" ಎಂದಳು.

ಕಾರಿಗೆ ಬಂದು ನೋಡಿದರೆ ರಾಹುಕಾಲ ಆಗಷ್ಟೇ ಶುರುವಾಗಿತ್ತು, ವಾಚು ಅದಕ್ಕೆ ಮೊದಲೇ ನನ್ನ ಕೈ ಬಿಟ್ಟಿತ್ತು. ದೇವಸ್ಥಾನದ ಕ್ಯಾಲೆಂಡರಿನಲ್ಲಿ ಈ ಊರಿನ ಲೆಕ್ಕದ ಪ್ರಕಾರವೇ ಕೊಟ್ಟಿರುತ್ತಾರೆ, ಬೇಸಿಗೆಯಲ್ಲಿ ಶುಕ್ರವಾರ ಹನ್ನೊಂದೂಕಾಲಿನಿಂದ ಮಧ್ಯಾಹ್ನ ಒಂದರ ಹತ್ತಿರದವರೆಗೆ ಇರುತ್ತದೆ. ಅಂಥ ಹೊತ್ತಿನಲ್ಲಿ ಹೊರಟು, ಹೋಗಿ ಆ ರಿಪೋರ್ಟು ತೆರೆಯುವುದೇ? ಇಷ್ಟು ಮಾಡಿ ಕೊನೆಗೆ ಅದನ್ನು ಕೆಡಿಸಿಕೊಳ್ಳುವುದೇ? ಹೊರಡಲಿಲ್ಲ. ಮರದ ನೆರಳಿಗೆ ಕಾರು ಸರಿಸಿ ಕೂತೆ. ಹೆಂಡತಿಯ ಮೆಸೇಜು ಬಂತು: "ಎಲ್ಲಿದ್ದೀರಿ?" ನಾನು ಬರೆದೆ: "ಕೊಟ್ಟಾಯ್ತು! ರಾಹುಕಾಲ ಮುಗಿದ ತಕ್ಷಣ ಹೊರಡ್ತೀನಿ. ಅಲ್ಲೀವರೆಗೂ ತೆಗೀಬೇಡ." ಸ್ವಲ್ಪ ಹೊತ್ತಾದ ಮೇಲೆ ಅವಳು "ಸರಿ" ಎಂದು ಬರೆದಳು.

ಹೇಳಲೇಬೇಕಾದ ಮಾತು ಇದು: ಆ ಕಾರಿನಲ್ಲಿ ನಾನು ಸಂತೋಷವಾಗಿದ್ದೆ. ತಿಂಗಳುಗಟ್ಟಲೆ ಇರದ ಸಂತೋಷ. ಸೀಟು ಹಿಂದಕ್ಕೆ ಒರಗಿಸಿ, ಕಿಟಕಿ ಇಳಿಸಿ, ಅವಳಿಗೆ ಕೂದಲು ಬಂದ ಮೇಲೆ ಮೈಸೂರಿಗೆ ಹೋಗಿ ಒಂದು ತಿಂಗಳು ಇದ್ದು ಬರೋಣ ಎಂದು ಟಿಕೆಟ್ಟು ಕೂಡ ಹುಡುಕಿದೆ. ಅವಳು ಉಳಿದಳು ಎಂದೇ ನನ್ನ ನಂಬಿಕೆ. ಒಂದು ಗಂಟೆ ಹೊಡೆದ ಮೇಲೆ ಹೊರಟೆ. ಫ್ರೀವೇಯಲ್ಲಿ ಶುಕ್ರವಾರದ ಟ್ರಾಫಿಕ್ಕು ಆಗಲೇ ಕಟ್ಟಿಕೊಂಡಿತ್ತು, ಅದಕ್ಕೂ ನನಗೆ ಸಿಟ್ಟು ಬರಲಿಲ್ಲ.

ಬಾಗಿಲು ತೆರೆದದ್ದು ಮಗಳು. ಮುಖ ಊದಿತ್ತು. "ಅಪ್ಪಾ, ಐ ರೆಡ್ ಇಟ್ ಟು ಹರ್" ಎಂದಳು.

ಹೆಂಡತಿ ಅಡುಗೆಮನೆಯಲ್ಲಿ ಅದೇ ಕುರ್ಚಿಯಲ್ಲಿ ಕೂತಿದ್ದಳು. ಹನ್ನೆರಡು ಗಂಟೆಗೆ ಡಾಕ್ಟರ ಆಫೀಸಿನಿಂದ ಫೋನು ಬಂದಿತ್ತಂತೆ. ಸೋಮವಾರ ಬೆಳಿಗ್ಗೆಯೇ ಬನ್ನಿ, ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದರಂತೆ. ಅಷ್ಟು ಕೇಳಿದ ಮೇಲೆ ಯಾರ ಕೈಲಿ ಕಾಯಲಾಗುತ್ತದೆ? ಔಷಧಿಯಿಂದ ಅವಳ ಕಣ್ಣು ಸದಾ ನೀರಾಡುತ್ತಿತ್ತು, ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಮಗಳನ್ನು ಎಬ್ಬಿಸಿ ಕರೆದಳು. ಮಗಳು ಅಮ್ಮನ ಫೋನು ಹಿಡಿದು ಸಾಲು ಸಾಲಾಗಿ ಓದಿದಳು. ಗೊತ್ತಿಲ್ಲದ ಪದ ಬಂದಾಗಲೆಲ್ಲ ನಿಲ್ಲಿಸಿ ತನ್ನ ಫೋನಿನಲ್ಲಿ ಅರ್ಥ ಹುಡುಕಿದಳು. ಲಿವರು, ಶ್ವಾಸಕೋಶ, ಬೆನ್ನುಮೂಳೆ. ಹೆಂಡತಿಗೆ ಎಲ್ಲ ಪದವೂ ಗೊತ್ತಿತ್ತು. ಸಾಕು ಬಿಡು ಮಗಳೇ ಎಂದರೂ ಅವಳು ಕೊನೆಯವರೆಗೂ ಓದಿದಳಂತೆ.

"ನೀವು ಓದಬೇಕಿತ್ತು ಕಣ್ರೀ" ಎಂದಳು ಹೆಂಡತಿ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನನಗಾಗಿದ್ದು ಆಗಲಿ. ಹದಿನಾರು ವರ್ಷದ ಮಗು ರೀ ಅದು."

ನಾನು ಅವಳ ಕಾಲ ಬಳಿ ನೆಲದ ಮೇಲೆ ಕೂತೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟು, ಊಟ ಆಯಿತಾ ಎಂದು ಕೇಳಿದಳು.

ದಸರೆಗೆ ಮೊದಲೇ ಅವಳು ಹೋದಳು. ಅಷ್ಟು ದಿನವೂ ಅವಳ ಹಾಸಿಗೆಯ ಪಕ್ಕದಿಂದ ನಾನು ಕದಲಲಿಲ್ಲ. ಅದನ್ನು ಹೇಳಿಕೊಂಡು ಏನು ಬಂತು? ಅವಳು ಕೇಳಿದ್ದು ಒಂದು ಬೆಳಗಿನ ಒಂದು ಗಳಿಗೆ. ನನ್ನ ವಾಚುಗಳನ್ನೆಲ್ಲ ಕೊಟ್ಟುಬಿಟ್ಟೆ, ಯಾರು ಯಾವುದನ್ನು ಒಯ್ದರೆಂದು ನೋಡಲಿಲ್ಲ. ಅಕ್ಕನ ಫೋನು ಎತ್ತುವುದನ್ನು ಕೆಲವು ತಿಂಗಳು ನಿಲ್ಲಿಸಿದೆ, ಆಮೇಲೆ ಅವಳ ತಪ್ಪೇನು ಎನ್ನಿಸಿ ಮತ್ತೆ ಎತ್ತಿದೆ. ದಿನಗಳು ಹೋಗುತ್ತವೆ. ನನಗೆ ಯಾವುದರಲ್ಲೂ ಆಸೆ ಉಳಿದಿಲ್ಲ, ಮಗಳೊಬ್ಬಳನ್ನು ಬಿಟ್ಟು.

ಈ ಮಾರ್ಚಿನಲ್ಲಿ ಅವಳು ಅರ್ಜಿ ಹಾಕಿದ್ದ ಕಾಲೇಜುಗಳ ಉತ್ತರ ಬರುವ ಹೊತ್ತು. ಇಲ್ಲಿ ಅದೂ ಫೋನಿಗೇ ಬರುತ್ತದೆ. ಅವಳು ತುಂಬ ಆಸೆಪಟ್ಟಿದ್ದ ಕಾಲೇಜಿನ ದಿನ ನಾನು ಆಫೀಸಿಗೆ ರಜೆ ಹಾಕಿ, ಬೆಳಿಗ್ಗೆಯಿಂದ ಮನೆಯಲ್ಲೇ ಕೂತಿದ್ದೆ. ಸಂಜೆ ನಾಲ್ಕಕ್ಕೆ ಅವಳ ಫೋನು ಸದ್ದು ಮಾಡಿತು. ಅವಳು ಎದ್ದು ತನ್ನ ರೂಮಿನ ಕಡೆ ಹೊರಟಳು. "ಬಾ ಮಗಳೇ, ಒಟ್ಟಿಗೆ ನೋಡೋಣ. ನಾನೇ ಓದ್ಲಾ?" ಎಂದು ಕೇಳಿದೆ.

ಅವಳು ಬಾಗಿಲಲ್ಲಿ ತಿರುಗಿ ನಿಂತು, ತುಂಬ ಮೆತ್ತಗೆ, ಅಮ್ಮನ ಹಾಗೆಯೇ ಒಂದಿಷ್ಟೂ ಸಿಟ್ಟಿಲ್ಲದೆ, "ಇಟ್ಸ್ ಓಕೆ ಅಪ್ಪಾ. ಐ ನೋ ಹೌ ಟು ಡೂ ದಿಸ್" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.