ಚಾಂದಿಯ ತಲೆ ಹಿಡಿದ ಬೆಳಿಗ್ಗೆ

ಪಶುವೈದ್ಯರು ಸಿರಿಂಜಿಗೆ ಔಷಧಿ ತುಂಬಿಕೊಳ್ಳುತ್ತಿದ್ದರು. ಮೂರು ತಿಂಗಳಿಂದ ನನಗೆ ಕುದುರೆ ಸವಾರಿ ಕಲಿಸುತ್ತಿದ್ದ ಬಾಬು ಸಾಬರು, ನೆಲದಲ್ಲಿ ಮಲಗಿದ್ದ ತಮ್ಮ ಬಿಳಿ ಕುದುರೆ ಚಾಂದಿಯ ಪಕ್ಕದಿಂದ ಎದ್ದು ನನ್ನನ್ನು ಕರೆದರು.

“ನನ್ ಕೈ ನಡುಗ್ತಾ ಐತೆ ಟೀಚರಮ್ಮ, ಅದ್ರ ತಲೆ ನೀವು ಹಿಡ್ಕಳಿ. ಕೈಯಾಗಿನ ಭಯ ಅದಕ್ಕೆ ಗೊತ್ತಾಗ್ಬುಡ್ತದೆ. ಹೆದರ್ಕಂಡು ಹೋಗ್ಬಾರ್ದು ಅದು.”

ಹಿಂದಿನ ಸಂಜೆ ಸಿರಾ ಕೆರೆಯ ಬಯಲಿನಲ್ಲಿ ಚಾಂದಿಯನ್ನು ಓಡಿಸುತ್ತಿದ್ದವಳು ನಾನೇ. ಯಾರೋ ಮಣ್ಣು ತೆಗೆದಿದ್ದ ಗುಂಡಿಗೆ ಅದರ ಮುಂಗಾಲು ಸಿಕ್ಕಿ ಮುರಿಯಿತು. ನಾನು ಅಷ್ಟು ದೂರ ಹೋಗಿ ಬಿದ್ದೆ. ಆ ಮೂಳೆ ಇನ್ನು ಕೂಡುವುದಿಲ್ಲ, ನೋವು ತಪ್ಪಿಸುವುದೊಂದೇ ದಾರಿ ಎಂದಿದ್ದರು ವೈದ್ಯರು.

ಚಾಂದಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸಾಬರು ಕಲಿಸಿದ್ದಂತೆ ಕಿವಿಯ ಹಿಂದೆ ಸವರುತ್ತಾ ಕುಳಿತೆ. ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ಅದು ಉದ್ದಕ್ಕೆ ಉಸಿರು ಬಿಟ್ಟು ಸುಮ್ಮನಾಯಿತು.

“ತಪ್ಪು ನಂದು ಸಾಬ್ರೆ,” ಎಂದೆ.

ಅವರು ಹೆಗಲ ಮೇಲಿನ ಟವೆಲ್ ತೆಗೆದು ಅದರ ಕಣ್ಣಿಗೆ ಹೊದಿಸಿದರು. “ಗುಂಡಿ ನೋಡ್ಕಬೇಕಾಗಿದ್ದು ನಾನು ಕಣಮ್ಮ,” ಎಂದರು.

ಸಾಬರು ಈಗ ಯಾರಿಗೂ ಸವಾರಿ ಕಲಿಸುತ್ತಿಲ್ಲ. ಸಂತೆಯಲ್ಲಿ ಸಿಕ್ಕಾಗಲೆಲ್ಲ ನನ್ನ ಭುಜದ ನೋವು ವಾಸಿಯಾಯಿತೇ ಎಂದು ವಿಚಾರಿಸುತ್ತಾರೆ. ಆ ಸಂಜೆ ‘ಸಾಕು, ನಿಲ್ಸಿ’ ಎಂದು ಅವರು ಕೂಗಿದ್ದು ನನಗೆ ಚೆನ್ನಾಗಿ ಕೇಳಿಸಿತ್ತು. ಖುಷಿಯಲ್ಲಿ ಇನ್ನೊಂದು ಸುತ್ತು ಓಡಿಸಿದ್ದೆ. ಅದನ್ನು ಅವರಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.