ಹಿರಾನೊ-ಸಾನ್ ನೋಡದ ಕೊನೆಯ ಕಂತು

ಎಂಟು ವರ್ಷ ಒಂದೇ ಅಡುಗೆಮನೆಯಲ್ಲಿ ದುಡಿದರೂ ಹಿರಾನೊ-ಸಾನ್ ಅವರ ಮೂಗು ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ. ಲೋಕಕ್ಕೆಲ್ಲ ಮಾಸ್ಕ್ ಹಾಕಿಸಿದ ಕಾಯಿಲೆ ಬರುವ ಮೊದಲೇ ಅವರು ಮಾಸ್ಕ್ ಹಾಕುತ್ತಿದ್ದರು. ಕಾಯಿಲೆ ಹೋಗಿ ಎಲ್ಲರೂ ತೆಗೆದ ಮೇಲೂ ಅವರು ತೆಗೆಯಲಿಲ್ಲ. ಊಟಕ್ಕೆ ಕೂತರೆ ಅಕ್ಕಿ ಮೂಟೆಗಳ ಕಡೆ ಮುಖ ತಿರುಗಿಸಿ, ಮಾಸ್ಕಿನ ಅಂಚನ್ನು ಒಂದು ಬೆರಳಿನಿಂದ ಎತ್ತಿ, ತುತ್ತನ್ನು ಒಳಗೆ ಕಳಿಸಿ ಮತ್ತೆ ಇಳಿಸುತ್ತಿದ್ದರು, ಅಂಚೆ ಡಬ್ಬಿಗೆ ಕಾಗದ ಹಾಕಿದ ಹಾಗೆ. ನನಗೆ ಕಾಣುತ್ತಿದ್ದದ್ದು ಎರಡು ಕಣ್ಣು, ಅವುಗಳ ಸುತ್ತ ಸುಕ್ಕು. ಕೇಳುತ್ತಿದ್ದದ್ದು ಮುಗಿಯದ ಮಾತು.

ಆ ಮಾತಿನದ್ದೇ ನನ್ನ ತಕರಾರು.

ನಾನು ದಾವಣಗೆರೆಯವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೋಟೆಲಿನ ಒಲೆ ಮುಂದೆ ನಿಂತವನು ಇವತ್ತಿಗೂ ನಿಂತೇ ಇದ್ದೇನೆ, ಒಲೆ ಮಾತ್ರ ಜಪಾನಿನ ಕಾವಾಸಾಕಿಗೆ ಬಂದಿದೆ. ನನ್ನ ಹೆಂಚಿನ ಹತ್ತಿರ ಬರಬೇಕಾದರೆ ಮಾಲೀಕರೂ ಒಂದು ಮಾತು ಕೇಳಿಯೇ ಬರುತ್ತಾರೆ. ಹಿರಾನೊ-ಸಾನ್ ಬಡಿಸುವ ಕೆಲಸಕ್ಕಿದ್ದ ಹೆಂಗಸು, ವಯಸ್ಸು ಅರವತ್ತು ದಾಟಿತ್ತು. ಅವರಿಗೆ ಈ ಕಾನೂನು ಅನ್ವಯಿಸುತ್ತಿರಲಿಲ್ಲ. ಬಂದವರೇ ನನ್ನ ಮಸಾಲೆ ಡಬ್ಬಿಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಿಡುವರು. ಬಾಗಿಲಲ್ಲಿ ಬಿಟ್ಟ ನನ್ನ ಚಪ್ಪಲಿಯ ಮೂತಿಯನ್ನು ಹೊರಗೆ ಮಾಡಿಡುವರು. ಇಷ್ಟು ಮುಗಿಸಿ, ನಾನು ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಸರಿಯಾಗಿ, ಕೊರಿಯಾದ ಧಾರಾವಾಹಿಯ ಕಥೆ ತೆಗೆಯುವರು.

ಕನ್ನಡಕದ ಅಂಗಡಿಯ ಹುಡುಗಿಯ ಕಥೆ ಅದು. ಅವಳ ಕೆನ್ನೆ ತುಂಬ ಕಲೆ. ದಿನಾ ಬೆಳಿಗ್ಗೆ ಒಂದು ಗಂಟೆ ಕೂತು ಬಣ್ಣ ಬಳಿದುಕೊಂಡು ಕೆಲಸಕ್ಕೆ ಬರುತ್ತಾಳೆ. ಕಣ್ಣು ತೋರಿಸಲು ಬಂದ ಹುಡುಗನೊಬ್ಬ ಆ ಬಣ್ಣದ ಮುಖಕ್ಕೆ ಮನಸ್ಸು ಕೊಡುತ್ತಾನೆ. ಅಲ್ಲಿಂದ ಹದಿನಾರು ಕಂತು. ನಾವಿಬ್ಬರು ಮಾತಾಡುತ್ತಿದ್ದದ್ದು ಅಡುಗೆಮನೆಯ ಹರಕು ಜಪಾನಿಯಲ್ಲಿ. ಇಲ್ಲಿ ನನ್ನ ಭಾಷೆಗೆ ತಂದು ಬರೆಯುತ್ತಿದ್ದೇನೆ.

"ಇವತ್ತು ಇಬ್ಬರೂ ಸಮುದ್ರಕ್ಕೆ ಹೋದ್ರು ರುದ್ರೇಶ್-ಸಾನ್. ಅವಳು ಎರಡೂ ಕೈಯಲ್ಲಿ ಕೆನ್ನೆ ಮುಚ್ಕೊಂಡ್ಳು. ಬಣ್ಣ ಹೋದ್ರೆ?"

"ಗಾಳಿಗೆ ಹೋಗ್ತದಾ?"

"ನೀರು ಸಿಡಿಯುತ್ತೆ."

"ಮುಖ ತೊಳ್ಕೊಂಡು ಅವನ ಎದುರು ನಿಂತ್ರೆ ಮುಗೀತು. ಇದಕ್ಕೆ ಹದಿನಾರು ಕಂತು ಯಾಕೆ?"

"ನೀವು ಗಂಡಸರು. ಒಂದು ಮೀಸೆ ಬಿಟ್ರೆ ನಿಮ್ಮ ಮುಖದ ಕೆಲಸ ಮುಗೀತು."

ಹದಿನೈದು ಕಂತಿನವರೆಗೆ ಕಣ್ಣೀರು ಹಾಕಿ ನೋಡಿದರು. ಹದಿನಾರನೆಯದನ್ನು ನೋಡಲಿಲ್ಲ. ಮತ್ತೆ ಒಂದರಿಂದ ಶುರುಮಾಡಿದರು. ಹೀಗೆ ಮೂರು ಸಲ. ಕಥೆ ಕೇಳಿ ಕೇಳಿ ನನಗೇ ತಡೆಯದೆ, "ಕೊನೆಗೆ ಏನಾಗ್ತದೆ, ಒಮ್ಮೆ ನೋಡಿ ಹೇಳಿಬಿಡಿ ತಾಯಿ," ಎಂದು ಕೈ ಮುಗಿದೆ.

"ತೊಳೆದ ಮುಖ ನೋಡಿ ಅವನು ಎದ್ದು ಹೋದ್ರೆ?" ಎಂದರು. ನಾಲ್ಕನೆಯ ಸುತ್ತು ಶುರುವಾಯಿತು.

ಮಧ್ಯಾಹ್ನದ ಬಿಡುವಿನಲ್ಲಿ, ನಾಲ್ಕೂವರೆಗೆ, ನಾನು ಮಗಳಿಗೆ ವಿಡಿಯೊ ಕಾಲ್ ಮಾಡುತ್ತೇನೆ. ಊರಲ್ಲಿ ಆಗ ಒಂದು ಗಂಟೆ, ಅವಳಿಗೆ ಊಟದ ಬಿಡುವು. ನನ್ನ ಮಗಳು ಚಂದ್ರಕಲಾ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಏಳನೇ ಕ್ಲಾಸಿನ ಲೆಕ್ಕಕ್ಕೆ ಹೆದರಿ ಓಡಿಬಂದವನ ಮಗಳು! ಹಿರಾನೊ-ಸಾನ್ ನನ್ನ ಭುಜದ ಮೇಲಿಂದ ಇಣುಕಿ, ನನ್ನ ಗೊಣಗಾಟದಿಂದ ಕಲಿತ ಹತ್ತಿಪ್ಪತ್ತು ಕನ್ನಡದ ಮಾತುಗಳಲ್ಲಿ ಕೆಲವನ್ನು ಖರ್ಚು ಮಾಡುತ್ತಿದ್ದರು. "ಕಲಾ-ಚಾನ್, ಊಟ ಆಯ್ತಾ?"

"ಆಯ್ತು ಆಂಟಿ. ನಿಮ್ದು? ನಮ್ಮಪ್ಪಾಜಿ ಬೈತಾನಾ?"

"ಬೈತಾನೆ! ದಿನಾ!"

ನನ್ನ ಫೋನು, ನನ್ನ ಮಗಳು, ಮಾತು ಅವರದು.

ಆ ವರ್ಷ ಮಗಳಿಗೆ ಗಂಡು ನೋಡುತ್ತಿದ್ದೆವು. ಕಲಾ ನನ್ನ ಬಣ್ಣ, ಕಪ್ಪು. ಎರಡು ಕಡೆಯವರು ಫೋಟೋ ನೋಡಿಯೇ ಸುಮ್ಮನಾಗಿದ್ದರು. ಊರಿನ ಸ್ಟುಡಿಯೋದವನು ನನ್ನ ಹಳೆಯ ಗೆಳೆಯ. ಅವನಿಗೆ ಫೋನು ಮಾಡಿ, "ಒಂಚೂರು ಬೆಳ್ಳಗೆ ಮಾಡಪ್ಪ," ಎಂದೆ. ಅವನು ಒಂಚೂರಿಗೆ ನಿಲ್ಲಲಿಲ್ಲ, ಮೂಗನ್ನೂ ಸಣ್ಣ ಮಾಡಿದ. ಅದನ್ನು ಹರಿಹರದ ಒಂದು ಮನೆಗೆ ಕಳಿಸಿದೆ. ಒಪ್ಪಿಗೆಯಾಯಿತು, ಭಾನುವಾರ ನೋಡಲು ಬರುತ್ತೇವೆ ಎಂದರು. ಅವರು ಬರುವುದನ್ನು ಮಗಳಿಗೆ ಹೇಳಿದ್ದೆ, ಫೋಟೋ ತಿದ್ದಿಸಿದ್ದನ್ನು ಹೇಳಿರಲಿಲ್ಲ. ಮನೆಯವಳಿಗೂ ಬಾಯಿ ಬಿಡಬೇಡ ಎಂದಿದ್ದೆ.

ಖುಷಿ ತಡೆಯದೆ ಹಿರಾನೊ-ಸಾನ್‌ಗೆ ಆ ಫೋಟೋ ತೋರಿಸಿದೆ. ಅವರು ಕನ್ನಡಕ ಏರಿಸಿ, ಇಳಿಸಿ, ನೋಡಿದರು.

"ಯಾರಿದು?"

"ಕಲಾ."

"ಅಲ್ಲ. ಕಲಾ-ಚಾನ್ ನನಗೆ ಗೊತ್ತು."

ಚೆನ್ನಾಗಿ ನೋಡಬೇಕು, ನನ್ನ ಫೋನಿಗೆ ಕಳಿಸಿ ಎಂದರು. ಕಳಿಸಿದೆ. ಅದೇ ನಾನು ಮಾಡಿದ ದಡ್ಡತನ. ನಾಲ್ಕೂವರೆಗೆ ಮಗಳು ತೆರೆಯ ಮೇಲೆ ಬಂದದ್ದೇ ತಡ, ಅವರು ತಮ್ಮ ಫೋನನ್ನು ನನ್ನ ಫೋನಿನ ಮುಂದೆ ಹಿಡಿದು, "ಕಲಾ-ಚಾನ್, ಬಿಳಿ ಹುಡುಗಿ. ಯಾರು?" ಎಂದುಬಿಟ್ಟರು.

ಮಗಳು ನೋಡಿದಳು. ಫೋನನ್ನು ಮುಖದ ಹತ್ತಿರ ತಂದುಕೊಂಡು ಮತ್ತೆ ನೋಡಿದಳು.

"ಭಾನುವಾರ ಬರೋರು ಇದನ್ನ ನೋಡಿ ಬರ್ತಿದ್ದಾರಾ ಅಪ್ಪಾಜಿ?"

"ಹಂಗಲ್ಲ ಕಲಾ, ಸ್ಟುಡಿಯೋದವನು..."

"ಮೂಗು ಅಮ್ಮಂದು ಅಂತ ನೀನೇ ಅಂತಿದ್ದೆ ಎಲ್ಲರ ಮುಂದೆ. ಅದನ್ನೂ ತೆಗೆಸಿದ್ಯಾ?"

ಕಾಲ್ ಕಟ್ಟಾಯಿತು. ನಾನು ಸೌಟನ್ನು ಸಿಂಕಿಗೆ ಎಸೆದೆ. ಈ ಹೆಂಗಸಿಗೆ ನನ್ನ ಮನೆಯ ಉಸಾಬರಿ ಯಾಕೆ ಎಂದು ಕನ್ನಡದಲ್ಲೇ ಕೂಗಾಡಿದೆ. ಹಿರಾನೊ-ಸಾನ್ ಸೌಟು ಎತ್ತಿ, ತೊಳೆದು, ಒರೆಸಿ, ಮೊಳೆಗೆ ಸಿಕ್ಕಿಸಿದರು. ಆಮೇಲೆ ಮೆನು ಕಾರ್ಡು ತಂದು ನನ್ನ ಮುಂದೆ ಇಟ್ಟರು.

ಆ ಕಾರ್ಡಿಗೊಂದು ಕಥೆಯಿದೆ. ಮಾಲೀಕರು ಮೊದಲು ಎಲ್ಲಿಂದಲೋ ತೆಗೆದ ಬೇರೆ ಯಾರದೋ ದೋಸೆಯ ಫೋಟೋ ಹಾಕಿಸಿದ್ದರು. ಉದ್ದಕ್ಕೆ, ಕೊಳವೆಯ ಹಾಗೆ ಮಿರಮಿರ ಮಿಂಚುವ ದೋಸೆ. ನನ್ನದು ಅಂಗೈ ಅಗಲ, ದಪ್ಪ, ಬೆಣ್ಣೆಯದು. ಈ ಊರಿನ ಗಿರಾಕಿ ಚಿತ್ರದಲ್ಲಿದ್ದದ್ದು ತಟ್ಟೆಯಲ್ಲಿ ಬರದಿದ್ದರೆ ಬಾಯಿಬಿಟ್ಟು ಹೇಳುವುದಿಲ್ಲ. ತಿಂದು, ತಲೆಬಾಗಿಸಿ ಹೋಗುತ್ತಾನೆ, ಮತ್ತೆ ಬರುವುದಿಲ್ಲ. ನನ್ನ ದೋಸೆ ನನ್ನ ದೋಸೆಯ ಹಾಗೇ ಕಾಣಬೇಕು ಎಂದು ಜಗಳ ತೆಗೆದು ಎಲ್ಲ ಕಾರ್ಡುಗಳನ್ನೂ ಬದಲಾಯಿಸಿದ್ದೆ.

"ದೋಸೆಗಾದ್ರೆ ಎರಡು ದಿನ ಕೆಲಸ ನಿಲ್ಲಿಸಿದ್ರಿ," ಎಂದರು. ನಂತರ ಅಕ್ಕಿ ಮೂಟೆಯ ಮೇಲೆ ಕೂತು, ಗೋಡೆಗೆ ಹೇಳುವ ಹಾಗೆ ಹೇಳಿದರು: "ನನಗೂ ಸಂಬಂಧ ನೋಡೋವಾಗ ಅಮ್ಮ ಫೋಟೋ ತೆಗೆಸಿದ್ಲು. ನನ್ನ ಹಲ್ಲು ಒಂದರ ಮೇಲೊಂದು. ಸ್ಟುಡಿಯೋದವನು ತಿದ್ದಿದ. ಹುಡುಗ ಬಂದ, ಎದುರು ಕೂತ, ನಾನು ನಕ್ಕೆ. ಅವನು ಚಹಾ ಪೂರ್ತಿ ಕುಡಿದು, ತುಂಬ ಚೆನ್ನಾಗಿದೆ ಅಂತ ಹೇಳಿ ಹೋದ. ಅವನ ತಪ್ಪಿಲ್ಲ ರುದ್ರೇಶ್-ಸಾನ್. ಅವನು ಬೇರೆಯವಳನ್ನ ನೋಡೋಕೆ ಬಂದಿದ್ದ."

ನನಗೆ ಆ ಹೊತ್ತಿಗೂ ಸಿಟ್ಟು ಇಳಿದಿರಲಿಲ್ಲ. ಹಲ್ಲಿನ ಕಥೆ ಕೇಳಿದೆನೆಂದು ಕರಗುವ ಮನುಷ್ಯನಲ್ಲ ನಾನು. ಆದರೂ ಸಂಜೆಯ ಗಿರಾಕಿಗಳು ಬರುವ ಮೊದಲು, ಮಗಳು ಶಾಲೆಯ ಮಕ್ಕಳ ಜೊತೆ ಬಿಸಿಲಲ್ಲಿ ಹಲ್ಲು ಬಿಟ್ಟು ನಗುತ್ತಿದ್ದ ಫೋಟೋ ಹುಡುಕಿ ಹರಿಹರಕ್ಕೆ ಕಳಿಸಿದೆ. ಕೆಳಗೆ ಬರೆದೆ: ಮೊದಲಿನದು ತಿದ್ದಿದ್ದು, ಇದು ನನ್ನ ಮಗಳು. ಅದನ್ನೇ ಮಗಳಿಗೂ ಕಳಿಸಿದೆ. ಅವಳು ಮೂರು ದಿನ ಮಾತಾಡಲಿಲ್ಲ.

ಹರಿಹರದವರು ಬರಲಿಲ್ಲ. ಭಾನುವಾರ ಯಾರಿಗೋ ಹುಷಾರಿಲ್ಲ ಎಂದರು. ನಾನು ಹಿರಾನೊ-ಸಾನ್ ಮುಂದೆ ನಿಂತು, "ಸಮಾಧಾನ ಆಯ್ತಾ ನಿಮಗೆ?" ಎಂದು ಕೇಳಿದೆ.

"ಆಯ್ತು," ಎಂದರು ಕನ್ನಡದಲ್ಲೇ. "ಚಹಾ ಉಳೀತಲ್ಲ."

ನಾಲ್ಕನೆಯ ದಿನ ಈ ಮಾತನ್ನು ಮಗಳಿಗೆ ಹೇಳಿದೆ. ಅವಳು ನಕ್ಕಳು. ಆಮೇಲೆ, "ಇನ್ಮೇಲೆ ಫೋಟೋ ನಾನೇ ಕಳಿಸ್ತೀನಿ ಅಪ್ಪಾಜಿ," ಎಂದಳು. ಅವಳ ಮದುವೆ ಇನ್ನೂ ಆಗಿಲ್ಲ. ಅದರ ಹೊಣೆ ಅರ್ಧ ಹಿರಾನೊ-ಸಾನ್ ಮೇಲೆ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಆ ಚಳಿಗಾಲ ಮುಗಿಯುತ್ತಿದ್ದಂತೆ ಅವರ ಮೊಣಕಾಲು ಸೋತಿತು. ಕೋಬೆಯಲ್ಲಿರುವ ತಂಗಿಯ ಮನೆಗೆ ಹೋಗುತ್ತೇನೆ ಎಂದರು. ಕೊನೆಯ ದಿನ ಡಬ್ಬಿಗಳನ್ನು ತಿರುಗಿಸಿಟ್ಟು, ಮಾಸ್ಕಿನ ಹಿಂದಿನಿಂದಲೇ ಬೀಳ್ಕೊಂಡರು. "ಕೊನೆಯ ಕಂತು?" ಎಂದೆ. "ನೋಡೋಣ," ಎಂದರು.

ಕಳೆದ ಬೇಸಿಗೆಯಲ್ಲಿ ಕಾವಾಸಾಕಿ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದೆ. ಹತ್ತುವವರ ಸಾಲಿನಲ್ಲಿದ್ದ ಮುದುಕಿಯೊಬ್ಬರು ನನ್ನ ಎದುರಿಗೇ ನಿಂತು ನಕ್ಕರು. ಅಗಲ ಬಾಯಿ, ಒಂದರ ಮೇಲೊಂದು ಹತ್ತಿದ ಹಲ್ಲು. ದಾರಿಗೆ ಅಡ್ಡ ನಿಂತೆನೇನೋ ಎಂದುಕೊಂಡು "ಸುಮಿಮಾಸೆನ್" ಎಂದು ಕ್ಷಮೆ ಕೇಳಿ, ತಲೆಬಾಗಿಸಿ ಪಕ್ಕಕ್ಕೆ ಸರಿದೆ. ಅವರು ಏನೋ ಹೇಳಿದರು, ಗದ್ದಲದಲ್ಲಿ ಕೇಳಿಸಲಿಲ್ಲ. ಹಿಂದಿನವರು ತಳ್ಳಿದರು, ಅವರು ಹತ್ತಿದರು, ಬಾಗಿಲು ಮುಚ್ಚಿತು. ಗಾಜಿನ ಆಚೆಯಿಂದ ಅವರು ನನ್ನನ್ನೇ ನೋಡುತ್ತಾ, ಅಂಗೈಯನ್ನು ನಿಧಾನವಾಗಿ ಎತ್ತಿ ಮೂಗು, ಬಾಯಿ ಮುಚ್ಚಿಕೊಂಡರು.

ಎರಡು ಕಣ್ಣು, ಅವುಗಳ ಸುತ್ತ ಸುಕ್ಕು.

ರೈಲು ಹೊರಟಿತ್ತು. ನಾನು ಅದರ ಪಕ್ಕ ನಾಲ್ಕು ಹೆಜ್ಜೆ ಓಡಿದೆ.