ಇಪ್ಪತ್ತಮೂರನೇ ಹಾಳೆಯ ಗಂಜಿ

ಭೂತ, ಪವಾಡ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ನಂಬಿಬಿಟ್ಟೆ ಎನ್ನಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ತೊಂಬತ್ತರ ದಶಕದಲ್ಲಿ ನಾನು ದೋಹಾದ ಒಂದು ಕಂಪನಿಯಲ್ಲಿ ಟೈಪಿಸ್ಟ್. ಮ್ಯಾನೇಜರ್ ಫ್ರಾನ್ಸಿನವರು. ಗುಡ್ಡದ ಮೇಲೆ ಕೋಟೆಯೊಳಗಿರುವ ಒಂದು ಪುಟ್ಟ ಹಳ್ಳಿ ಅವರದು. ಅದರ ಹಳೆಯ ಇತಿಹಾಸವನ್ನು ಇಂಗ್ಲಿಷಿನಲ್ಲಿ ಕೈಯಲ್ಲೇ ಬರೆದು, ಗುರುವಾರ ತಾವು ರಜೆಗೆ ಊರಿಗೆ ಹೊರಡುವ ಮುನ್ನ ಟೈಪ್ ಮಾಡಿಕೊಡು ಎಂದರು. ಮದುವೆಯಾಗಿ ಎರಡು ವರ್ಷವಾದರೂ ನನ್ನ ಹೆಂಡತಿ ಉಡುಪಿಯಲ್ಲೇ ಇದ್ದಳು. ಅವಳ ವೀಸಾ ಪತ್ರಕ್ಕೆ ಸಹಿ ಹಾಕಬೇಕಾದವರೂ ಇವರೇ.

ಕೈಬರಹ ಓದಿ ರೂಢಿಯಾಗಲೆಂದು ಕಟ್ಟನ್ನು ರೂಮಿಗೆ ತಂದು ಹತ್ತೊಂಬತ್ತು ಹಾಳೆ ಓದಿ ಮಲಗಿದೆ. ಬೆಳಿಗ್ಗೆ ನೋಡಿದರೆ ಇಪ್ಪತ್ತಮೂರನೆಯದು ಇಲ್ಲ! ರೂಮಿನಲ್ಲಿ ಜೊತೆಗಿದ್ದ ಶೇಖರಣ್ಣ ಅದರಲ್ಲಿ ಗೋಳಿಬಜೆ ಒತ್ತಿ ಎಣ್ಣೆ ತೆಗೆದು ಕಸಕ್ಕೆ ಹಾಕಿದ್ದರು. ಕಸದ ಲಾರಿಯೂ ಹೋಗಿಯಾಗಿತ್ತು. ನನಗೆ ಅಳುವೇ ಬಂತು.

"ಏನಾದ್ರೂ ಬರ್ದು ಹಾಕು ಮಾರಾಯ. ಯಾರು ನೋಡ್ಲಿಕ್ಕೆ ಹೋಗ್ತಾರೆ?" ಎಂದರು ಶೇಖರಣ್ಣ.

ಇಪ್ಪತ್ತೆರಡನೇ ಹಾಳೆಯ ಕೊನೆಯಲ್ಲಿ, ಕೋಟೆಗೆ ಮುತ್ತಿಗೆ ಹಾಕಿದ್ದ ಇಂಗ್ಲಿಷ್ ಸೈನಿಕರು ಪಡುವಣ ಬಾಗಿಲಿಗೆ ಏಣಿ ಇಟ್ಟಿದ್ದರು. ಇಪ್ಪತ್ತನಾಲ್ಕರ ಮೊದಲ ಸಾಲಿಗೇ ಕಂದಕದಲ್ಲಿ ಬಿದ್ದಿದ್ದರು. ಬೀಳಿಸಿದ್ದು ಯಾರು? ನಮ್ಮಮ್ಮ ಅನ್ನ ಬಸಿಯುವುದು ನೆನಪಾಯಿತು. ಹೆಂಗಸರು ಗೋಡೆ ಹತ್ತಿ ಕುದಿಯುವ ಗಂಜಿ ಸುರಿದರು, ಏಣಿಯಲ್ಲಿದ್ದವರೆಲ್ಲ ಜಾರಿದರು ಎಂದು ಬರೆದೆ. ಇಂಗ್ಲಿಷ್ ಪದ ಹೊಳೆಯದೆ ಇಂಗ್ಲಿಷ್ ಅಕ್ಷರಗಳಲ್ಲಿ ಗಂಜಿ ಎಂದೇ ಕುಟ್ಟಿದೆ. ಆ ಊರಲ್ಲಿ ಅಕ್ಕಿ ಇತ್ತೇ ಎಂದು ಯೋಚಿಸಲು ಪುರುಸೊತ್ತೆಲ್ಲಿ?

ಸಾಹೇಬರು ನನ್ನೆದುರೇ ಓದಲು ಕೂತರು. ಪಕ್ಕದಲ್ಲಿ ವೀಸಾ ಪತ್ರ, ಕೈಯಲ್ಲಿ ಪೆನ್ನು. ಇಪ್ಪತ್ತಮೂರಕ್ಕೆ ಬಂದವರು ಮುಂದಿನ ಹಾಳೆ ತಿರುಗಿಸಲೇ ಇಲ್ಲ. ಕೆಲಸವೂ ಹೋಯಿತು, ಹೆಂಡತಿ ಇನ್ನು ಬಂದ ಹಾಗೆಯೇ ಎಂದುಕೊಂಡು ಗೋಳಿಬಜೆಯಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ.

ಅವರು ಬೈಯಲಿಲ್ಲ. ಬ್ಯಾಗಿನಿಂದ ಹಳ್ಳಿಯ ಹಳೆಯ ನಕ್ಷೆ ತೆಗೆದು ಪಡುವಣ ಬಾಗಿಲ ಮೇಲೆ ಬೆರಳಿಟ್ಟರು. ಅಲ್ಲಿ ಅದೇ ಅಕ್ಷರಗಳಲ್ಲಿ ಬರೆದಿತ್ತು, ಗಂಜಿ.

"ನೂರಾರು ವರ್ಷದಿಂದ ಆ ಬಾಗಿಲಿಗೆ ಇದೇ ಹೆಸರು. ಯಾಕೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಕಳೆದುಹೋದ ಹಾಳೆಯಲ್ಲಿ ನಾನು ಬರೆದದ್ದೂ ಅಷ್ಟೇ, ಬಾಗಿಲಿನ ಹೆಸರು ಗಂಜಿ, ಕಾರಣ ತಿಳಿಯದು ಅಂತ" ಎಂದರು. ವೀಸಾ ಪತ್ರಕ್ಕೆ ಸಹಿ ಹಾಕಿ, ನನ್ನ ಹಾಳೆಯಲ್ಲಿ ಒಂದಕ್ಷರವನ್ನೂ ತಿದ್ದದೆ ಊರಿಗೆ ಒಯ್ದರು.

ಮೊದಲೇ ಎಲ್ಲೋ ಓದಿ ನೆನಪಲ್ಲಿ ಉಳಿದಿತ್ತೇನೋ ಎಂದು ಅವರ ಕೈಬರಹದ ಉಳಿದ ಹಾಳೆಗಳನ್ನು ಎರಡೆರಡು ಸಲ ತಿರುವಿಹಾಕಿದೆ. ಆ ಹೆಸರು ಎಲ್ಲೂ ಇರಲಿಲ್ಲ. ಮುಂದಿನ ತಿಂಗಳು ಹೆಂಡತಿ ಬಂದಳು. ನಾನು ಬರೆದದ್ದು ಶುದ್ಧ ಸುಳ್ಳು. ಆದರೆ ಅದು ಸುಳ್ಳು ಎಂದು ಹೇಳುವ ಧೈರ್ಯ ಇಂದಿಗೂ ನನಗಿಲ್ಲ.